ಪುಕ್ಕಟೆ ಬಂದ ಕಣ್ಣು

ಮೂರು ಕೊಂಡರೆ ಒಂದು ಪುಕ್ಕಟೆ. ಹುಬ್ಬಳ್ಳಿಯ ಅಂಗಡಿಯವನು ಹಾಗೆಂದ. ಅಮರಗೋಳದ ಮುರುಗೆಪ್ಪ ಸಾವ್ಕಾರರು ಒಂದು ಕಾಸಿನದಾದರೂ ಪುಕ್ಕಟೆ ಬಂದರೆ ಬಿಟ್ಟವರಲ್ಲ. ಹೀಗೆ ಅವರ ಮೆಣಸಿನಕಾಯಿ ಗೋದಾಮಿಗೆ ಮೂರರ ಬದಲು ನಾಲ್ಕು ಕ್ಯಾಮರಾ ಬಂದವು.

ಅದು ಎರಡು ಸಾವಿರದ ಆರನೆಯ ಇಸವಿಯ ಸುಗ್ಗಿ. ಹಿಂದಿನ ವರ್ಷ ಗೋದಾಮಿನಿಂದ ಒಂದಷ್ಟು ಚೀಲ ಕಾಣೆಯಾಗಿದ್ದವು. ಒಯ್ದವನು ಸಾವ್ಕಾರರ ಅಳಿಯ ಎಂಬುದು ಅಂಗಡಿ ಸಾಲಿಗೆಲ್ಲ ಗೊತ್ತಿತ್ತು. ಅಳಿಯನನ್ನು ಹಿಡಿದರೆ ಮನೆತನದ ಮರ್ಯಾದೆ ಹೋಗುತ್ತದೆ. ಕ್ಯಾಮರಾ ತಂದರೆ ಮರ್ಯಾದೆ ಬರುತ್ತದೆ. ಸಾವ್ಕಾರರು ಎರಡನೆಯದನ್ನು ಆರಿಸಿಕೊಂಡರು.

ಆರಿಸಲು ಹಚ್ಚಿದವನು ಮಗ ರಾಜಶೇಖರ. ಇಂಜಿನಿಯರಿಂಗ್ ಓದಲು ಹೋಗಿ ಅರ್ಧಕ್ಕೆ ಮರಳಿದ್ದ. ಉಳಿದರ್ಧವನ್ನು ಗೋದಾಮಿನ ಮೇಲೆ ತೀರಿಸಿಕೊಳ್ಳುತ್ತಿದ್ದ. 'ಸೆಕ್ಯುರಿಟಿ' ಎಂಬ ಶಬ್ದವನ್ನು ಅವನು ಮಂತ್ರದಂತೆ ಹೇಳುತ್ತಿದ್ದ. ಕೇಳಿದವರಿಗೆ ಅರ್ಥವಾಗಬೇಕಿಲ್ಲ, ಅಂಜಿಕೆ ಬಂದರೆ ಸಾಕು.

ಪೂಜೆ ಆಯಿತು. ಅಯ್ನೋರು ಬಂದು ನಾಲ್ಕು ಕ್ಯಾಮರಾಗಳಿಗೂ ವಿಭೂತಿ ಬಳಿದು, ಕುಂಕುಮವಿಟ್ಟು, ಕಾಯಿ ಒಡೆದರು. ಗೋಡೆಗೆ ಬಡಿಯುವ ಮೊದಲು ಪರೀಕ್ಷೆಗೆಂದು ಟಿ.ವಿ. ಹಚ್ಚಿದಾಗ ಗೋದಾಮೆಲ್ಲ ಕೆಂಪು, ಅದರ ಮೇಲೆ ಮೂರು ಬೂದಿಪಟ್ಟಿ. ಸಾವ್ಕಾರರು ಟಿ.ವಿ.ಗೆ ಕೈಮುಗಿದರು. ಜೋಡಿಸಲು ಬಂದ ಮೆಕಾನಿಕ್ ನಾಲ್ಕೂ ಗಾಜು ಒರೆಸಿದ.

ಒಂದನ್ನು ಬಾಗಿಲಿಗೆ ಬಡಿದರು. ಒಂದನ್ನು ತೂಕದ ಕಾಟಾದ ಮೇಲೆ. ಒಂದನ್ನು ತುಂಬಿ ಒಟ್ಟಿದ ಚೀಲಗಳ ಥಪ್ಪಿಯ ಎದುರಿಗೆ. ಪುಕ್ಕಟೆ ಬಂದದ್ದು ಉಳಿಯಿತು.

"ಗಾದಿ ಮ್ಯಾಲ ಹಾಕೂನೇನ್ರಿ?" ಮೆಕಾನಿಕ್ ಕೇಳಿದ. ಗಾದಿಯೆಂದರೆ ಸಾವ್ಕಾರರು ಬಿಳಿ ಹಾಸಿಗೆಯ ಮೇಲೆ ಲೋಡಿಗೆ ಒರಗಿ ಕೂಡುವ, ವ್ಯಾಪಾರದ ಮಾತು ಮುಗಿಸುವ ಕಟ್ಟೆ.

"ಏ ಬ್ಯಾಡ್ರಿ ಬ್ಯಾಡ. ಇಲ್ಲಿ ನಾಕ ಮಂದಿ ಬರ್ತಾರ, ನಾಕ ಮಾತ ಆಡ್ತಾರ. ಪ್ರೈವೇಟ್ ಇರ್ತಾವ. ಹಿಂದಿನ ಗ್ವಾಡಿಗೆ ಬಡೀರಿ ಅದನ್ನ."

"ಅಲ್ಲಿ ಬರೇ ಖಾಲಿ ಚೀಲಾ ಅದಾವಲ್ರಿ."

"ಪುಕ್ಕಟೆ ಬಂದೈತಿ, ಬಡೀರಿ."

ಹಿಂದಿನ ಗೋಡೆಯ ಬಳಿ ಬರೇ ಖಾಲಿ ಚೀಲಗಳಿರಲಿಲ್ಲ. ಚೀಲಗಳ ಮರೆ ಇತ್ತು.

ಮುಗದದಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಹೆಂಗಸರು ಅಮರಗೋಳಕ್ಕೆ ಇಳಿಯುತ್ತಿದ್ದರು. ಬೀರವ್ವ ಅವರಲ್ಲಿ ಹಿರಿಯಳು. ಜೊತೆಗೆ ಸೊಸೆ ಸುಕನ್ಯಾ, ಓಣಿಯ ರೇಣವ್ವ, ಇನ್ನೂ ಹಲವರು. ಮೆಣಸಿನಕಾಯಿಯ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂಡುವುದು. ತೊಟ್ಟು ಮುರಿಯುವುದು. ಬಿಳಿಚಿದ್ದನ್ನು ಬೇರೆ, ಕೆಂಪನ್ನು ಬೇರೆ ಮಾಡುವುದು. ಸಂಜೆಯ ತನಕ ಇಷ್ಟೇ.

ಇಷ್ಟೇ ಎಂದು ಬರೆಯುವುದು ಸುಲಭ. ಮೆಣಸಿನಕಾಯಿಯ ಧೂಳು ಮೂಗಿಗೆ ಹೋಗುತ್ತದೆ. ಅದು ಎಲ್ಲರಿಗೂ ಗೊತ್ತು. ಅದು ಉಗುರಿನ ಸಂದಿಗೆ ಹೋಗುತ್ತದೆ. ಕಂಕುಳಿಗೆ ಹೋಗುತ್ತದೆ. ಮೊಲೆಗಳ ಕೆಳಗೆ, ನಿರಿಗೆ ಸಿಕ್ಕಿಸಿದ ಸೊಂಟದ ಸುತ್ತ, ತೊಡೆಯ ಸಂದಿಯಲ್ಲಿ ಬೆವರಿನೊಡನೆ ಬೆರೆತು ಕೂಡುತ್ತದೆ. ನೀರು ಬಿದ್ದರೆ ಉರಿ ಇಮ್ಮಡಿ. ಒಣ ಅರಿವೆಯಿಂದ ಒರೆಸಬೇಕು, ಮೇಲೆ ಎಣ್ಣೆ ಹಚ್ಚಬೇಕು, ಸೀರೆಯನ್ನು ಪೂರ್ತಿ ಬಿಚ್ಚಿ ಝಾಡಿಸಬೇಕು. ಝಾಡಿಸದೆ ರೈಲು ಹತ್ತಿದರೆ ಡಬ್ಬಿಯೆಲ್ಲ ಸೀನುತ್ತದೆ. ಸೀನಿದವರು ಬೈದು ಇಳಿಸುತ್ತಾರೆ. ಝಾಡಿಸದೆ ಮನೆಗೆ ಹೋದರೆ ಎತ್ತಿಕೊಂಡ ಕೂಸು ಕಿರುಚುತ್ತದೆ.

ಆದ್ದರಿಂದ ದಿನದ ಕೊನೆಗೆ ಹೆಂಗಸರು ಇಬ್ಬಿಬ್ಬರಾಗಿ ಖಾಲಿ ಚೀಲಗಳ ಥಪ್ಪಿಯ ಹಿಂದೆ ಹೋಗುತ್ತಿದ್ದರು. ಮುರುಗೆಪ್ಪನವರ ಅಪ್ಪನ ಕಾಲದಿಂದ ನಡೆದು ಬಂದ ರೂಢಿ. ಆ ಕಡೆ ಹೋಗಬೇಕಾದ ಗಂಡಸು ಮೊದಲು ಸದ್ದು ಮಾಡಬೇಕು. ಹಮಾಲರ ಮುಖ್ಯಸ್ಥ ಲಾಲಸಾಬ ಚೀಲ ಎಳೆಯುವ ಕೊಕ್ಕಿಯಿಂದ ಕಂಬಕ್ಕೆ ಬಡಿದು, "ಯವ್ವಗಳ್ರಾ, ಹಾದ ಹೋಗಾಕತ್ತೇವಿ" ಎಂದು ಕೂಗಿ, "ಸ್ವಲ್ಪ ತಡೀ ಅಣ್ಣಾ" ಎಂಬ ಉತ್ತರ ಬಂದರೆ ತಲೆಯ ಮೇಲಿನ ಚೀಲದ ಸಮೇತ ನಿಂತುಬಿಡುತ್ತಿದ್ದ. ಈ ಕಾಯಿದೆಯನ್ನು ಯಾರೂ ಬರೆದಿರಲಿಲ್ಲ. ಅದಕ್ಕೇ ಅದು ನಡೆಯುತ್ತಿತ್ತು.

ಹಿಂದಿನ ಗೋಡೆಯ ಮೇಲಿನ ಕರಿ ಬುಗುಟೆ ಏನೆಂದು ಹೆಂಗಸರು ಕೇಳಿದ್ದರು.

"ಇಲಿ ಓಡಸೂ ಮಿಷನ್," ಎಂದಿದ್ದ ರಾಜಶೇಖರ.

ಇಲಿಗಳು ಓಡಲಿಲ್ಲ. ಹೆಂಗಸರು ನಂಬಿದರು.

ಗಾದಿಯ ಬದಿಗೆ ಕೂತು ಲೆಕ್ಕ ಬರೆಯುವ ದಿವಾನಜಿ ಕಲ್ಲೇಶ ಕೆಟ್ಟವನಲ್ಲ. ಕೆಟ್ಟವನಾಗಲಿಕ್ಕೂ ಒಂದಿಷ್ಟು ಧೈರ್ಯ ಬೇಕು. ಒಂದು ದಿನ ಸಂಜೆಯ ಚಹಾದ ಹೊತ್ತಿಗೆ ಅವನು ಹೆಂಗಸರ ಸಾಲಿನ ಹತ್ತಿರ ಬಂದು, ನಿಜವಾದ ಕನಿಕರದಿಂದ, ತಗ್ಗಿದ ದನಿಯಲ್ಲಿ ಹೇಳಿದ:

"ಸುಕನ್ಯಾ, ಬರೇ ಕೊಬ್ರಿ ಎಣ್ಣಿ ಹಚ್ಚಿದ್ರ ಆಗಂಗಿಲ್ಲವಾ. ಎಡಕ ಬೆನ್ನ ಮ್ಯಾಲ ಗುಳ್ಳಿ ಎದ್ದಾವ. ಮಜ್ಜಿಗಿ ಹಚ್ಚು."

ಸುಕನ್ಯಾಳ ಕೈಯಲ್ಲಿನ ತೊಟ್ಟು ಮುರಿಯಲಿಲ್ಲ. ಆ ಗುಳ್ಳೆಗಳನ್ನು ಅವಳು ಗಂಡನಿಗೂ ತೋರಿಸಿರಲಿಲ್ಲ. ನೋಡಿದವಳು ಅತ್ತೆಯೊಬ್ಬಳೇ. ಎಣ್ಣೆ ಹಚ್ಚುವಾಗ, ಚೀಲಗಳ ಮರೆಯಲ್ಲಿ.

"ನಿಮಗ ಯಾರ ಹೇಳಿದ್ರೀ ದಿವಾನಜಿ?" ಬೀರವ್ವ ಕೇಳಿದಳು.

ಕಲ್ಲೇಶ ಕಪ್ಪು ಹಿಡಿದುಕೊಂಡು ಹೊರಟ. ಹೊರಡುವಾಗ ಅವನ ಕಣ್ಣು ತಾನಾಗಿಯೇ ಹಿಂದಿನ ಗೋಡೆಯ ಮೇಲಕ್ಕೆ ಹೋಗಿ ಬಂತು. ಬೀರವ್ವ ಆ ಕಣ್ಣು ಹೋದ ಕಡೆ ನೋಡಿದಳು. ಆಮೇಲೆ ಎದ್ದು ಗಾದಿಯ ಕಡೆ ನಡೆದಳು.

ಕೆಲಸದ ಹೆಂಗಸರು ಗಾದಿಯ ಕಟ್ಟೆಯ ಕೆಳಗೆ ನಿಲ್ಲಬೇಕು. ನಿಂತಳು. ಟಿ.ವಿ.ಯಲ್ಲಿ ನಾಲ್ಕು ಚೌಕವಿದ್ದವು. ಒಂದರಲ್ಲಿ ಬಾಗಿಲು. ಒಂದರಲ್ಲಿ ಕಾಟಾ. ಒಂದರಲ್ಲಿ ಚೀಲ. ನಾಲ್ಕನೆಯದರಲ್ಲಿ ಒಬ್ಬ ಹೆಂಗಸು ಬೆನ್ನು ತಿರುಗಿಸಿ ನಿಂತು ಸೀರೆ ಝಾಡಿಸುತ್ತಿದ್ದಳು. ಗಾದಿಯ ಮೇಲೆ ಸಾವ್ಕಾರರು, ಮಗ, ಇಬ್ಬರು ಖರೀದಿದಾರರು ಕೂತು ಚಹಾ ಕುಡಿಯುತ್ತಿದ್ದರು. ಅವರ ತಲೆಯ ಮೇಲೆ ದುಡಿಮೆಯೇ ದೊಡ್ಡದೆಂಬ ಅರ್ಥದ ಶರಣರ ಮಾತಿನ ಬೋರ್ಡು ತೂಗುತ್ತಿತ್ತು.

"ಆರಸ್ರಿ ಅದನ್ನ. ಅಕಿ ರೇಣವ್ವ," ಎಂದಳು ಬೀರವ್ವ.

ಖರೀದಿದಾರನೊಬ್ಬ ನಕ್ಕ. ಇನ್ನೊಬ್ಬ ಚಹಾದೊಳಗೆ ನೋಡಿದ. ರಾಜಶೇಖರ ಬಟನ್ ಒತ್ತಿದ. ಟಿ.ವಿ. ಕಪ್ಪಾಯಿತು.

"ಆತಿಲ್ಲೊ? ಹೋಗು."

"ಟಿ.ವಿ. ಆರಿತ್ರಿ. ಗ್ವಾಡಿ ಮ್ಯಾಲಿಂದು?"

"ಅದು ರೆಕಾರ್ಡ್ ಆಗ್ತಿರತೈತಿ. ಹದಿನೈದು ದಿನಕ್ಕ ತಾನ ಅಳಸಿ ಹೋಗತೈತಿ. ಅದು ಸಿಸ್ಟಮ್ ಐತಿ."

"ಅಲ್ಲೀತನಾ?"

"ಅಲ್ಲೀತನಾ ಸೆಕ್ಯುರಿಟಿ," ಎಂದ ರಾಜಶೇಖರ. "ನೋಡ ಬೀರವ್ವಾ, ಗೋದಾಮ ನಮ್ದು. ಗ್ವಾಡಿ ನಮ್ದು. ಕ್ಯಾಮರಾ ನಮ್ದು. ಒಳಗ ಬಿದ್ದ ಚಿತ್ರಾನೂ ನಮ್ದ. ಇದು ಕಾನೂನು."

"ಮೈ ಯಾರದ್ರೀ?"

ಸಾವ್ಕಾರರಿಗೆ ಮಗನ ಒರಟುತನ ಹಿಡಿಸಲಿಲ್ಲ. ಅವರು ಮೃದುವಾಗಿ ಅವಮಾನ ಮಾಡುವವರು. "ಏ ಹುಚ್ಚಿ, ನಿಮ್ಮನ್ನ ಯಾರ ನೋಡ್ತಾರವಾ? ಚೀಲಾ ನೋಡಾಕ ಇಟ್ಟದ್ದು ಅದು. ನಿಮ್ಮನ್ನ ನೋಡಿ ನಮಗೇನ ಆಗಬೇಕಾಗೇತಿ?"

"ಯಾರೂ ನೋಡಂಗಿಲ್ಲಂದ್ರ ನನ್ನ ಸೊಸಿ ಬೆನ್ನಿನ ಗುಳ್ಳಿ ದಿವಾನಜಿಗೆ ಹೆಂಗ ಗೊತ್ತಾತ್ರಿ?"

ಕಲ್ಲೇಶ ಬರೆಯುತ್ತಿದ್ದ ಸಾಲನ್ನೇ ಮತ್ತೊಮ್ಮೆ ಬರೆದ.

"ಅಷ್ಟ ನಾಚಿಕಿ ಇದ್ದವರು ಮನ್ಯಾಗ ಹೋಗಿ ಬಿಚ್ಚಬೇಕು," ಎಂದ ರಾಜಶೇಖರ. "ಮುಚ್ಚಿಡೂದ ಏನೂ ಇಲ್ಲದಾವ್ರಿಗೆ ಕ್ಯಾಮರಾದ್ದ ಅಂಜಿಕಿ ಯಾಕ?"

"ಮುಚ್ಚಿಡೂದ ಐತ್ರಿ ಸಣ್ಣ ಸಾವ್ಕಾರ್ರ. ಅದಕ್ಕ ಸೀರಿ ಉಡ್ತೇವಿ." ಬೀರವ್ವ ಗಾದಿಯ ಮೇಲಿನ ಗೋಡೆ ನೋಡಿದಳು. ಮೂಲೆಮೂಲೆ ನೋಡಿದಳು. "ಇಲ್ಲಿ ಯಾಕಿಲ್ರಿ ಅದು?"

"ಇಲ್ಲಿ ಪ್ರೈವೇಟ್ ಮಾತ ಇರ್ತಾವ," ಎಂದರು ಸಾವ್ಕಾರರು.

"ಅಂದ್ರ ಮಾತಿಗೆ ಮರೆ ಐತಿ. ಮೈಗಿಲ್ಲ."

ಅಂದು ಸಂಜೆ ರೇಣವ್ವನನ್ನು ಬಿಟ್ಟು ಯಾರೂ ಸೀರೆ ಝಾಡಿಸಲಿಲ್ಲ. ರೈಲಿನಲ್ಲಿ ಜನ ಸೀನಿದರು, ಬೈದರು. ಹೆಂಗಸರು ಬಾಗಿಲ ಬಳಿ ಗಾಳಿಗೆ ನಿಂತು ಮುಗದ ಸೇರಿದರು. ಸುಕನ್ಯಾ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದಳು: "ಅತ್ತೀ, ಅವ್ರಿಗೆ ಗೊತ್ತಾದ್ರ ನನ್ನ ತವರಮನಿಗೆ ಅಟ್ಟತಾರ."

ಅವರೆಂದರೆ ಗಂಡ ಮೈಲಾರಿ, ಬೀರವ್ವನ ಮಗ. ಊರ ಬಾಯಿಂದ ತಿಳಿಯುವುದಕ್ಕಿಂತ ತನ್ನ ಬಾಯಿಂದ ತಿಳಿಯಲಿ ಎಂದು ಬೀರವ್ವ ಉಣ್ಣಲು ಕೂತವನಿಗೆ ಎಲ್ಲ ಹೇಳಿದಳು. ಅವನು ರೊಟ್ಟಿ ಬಿಟ್ಟ.

"ಅಕಿ ಯಾಕ ಅಲ್ಲಿ ಬಿಚ್ಚಿದ್ಳು?"

ಸಾವ್ಕಾರರ ಮಗ ಕೇಳಿದ್ದನ್ನೇ ಇವನೂ ಕೇಳಿದ. ಗಾದಿ ಒಂದಿಲ್ಲ, ಅಷ್ಟೇ. ಬೀರವ್ವ ಇನ್ನೂ ತೊಳೆಯದ ಅಂಗೈಯನ್ನು ಮಗನ ಕೊರಳಿಗೆ, ಕಿವಿಯ ಹಿಂದೆ, ಗಲ್ಲಕ್ಕೆ ಒತ್ತಿ ಒರೆಸಿದಳು. ಅವನು ಚೀರಿ ಎದ್ದ. ನೀರು ಸುರುವಿಕೊಂಡ. ನೀರು ಬಿದ್ದಲ್ಲಿ ಉರಿ ಮತ್ತೆ ಎದ್ದಿತು. ಅಂಗಳದಲ್ಲಿ ಕುಣಿದ.

"ಅದಕ್ಕ ಬಿಚ್ಚಿದ್ಳು," ಎಂದಳು ಬೀರವ್ವ. "ನಿನಗ ಕುತಗಿಗಷ್ಟ ಹತ್ತೇತಿ. ಅಕಿಗೆ ಮೈತುಂಬ."

ಮೈಲಾರಿ ತವರುಮನೆಯ ಮಾತೆತ್ತಲಿಲ್ಲ.

ಮರುದಿನ ಹೆಂಗಸರು ಎರಡು ಹಳೆಯ ಸೀರೆ ಜೋಡಿಸಿ ಚೀಲಗಳ ಮೇಲೆ ಪರದೆ ಕಟ್ಟಿದರು. ರಾಜಶೇಖರ ಬಂದು ಎಳೆದು ಕೆಡವಿದ. ಕ್ಯಾಮರಾಕ್ಕೆ ಅಡ್ಡ ಕಟ್ಟುವುದು ಕಳವಿನ ತಯಾರಿ ಎಂದ. ಅಳಿಯನೂ ಅಲ್ಲೇ ನಿಂತು ಹೌದು ಹೌದು ಎಂದು ತಲೆದೂಗಿದ. ಕಳವಿನ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು.

ಸುದ್ದಿ ಅಂಗಡಿ ಸಾಲಿನ ಚಹಾದ ಗೂಡಿಗೆ ಬಂತು. ಅಲ್ಲಿ ಎಲ್ಲದಕ್ಕೂ ತಜ್ಞರಿದ್ದರು. ಧಾರವಾಡದ ವಕೀಲರೊಬ್ಬರು ಯಾವುದೋ ವ್ಯಾಜ್ಯಕ್ಕೆ ಬಂದವರು ಅವಲಕ್ಕಿ ತಿನ್ನುತ್ತ ವಿಷಯವನ್ನು ಇಡಿಯಾಗಿ ಪರಿಶೀಲಿಸಿದರು. ಕಂಪ್ಯೂಟರಿನ ಹೊಸ ಕಾನೂನು ಬಂದಿದೆ; ಆದರೆ ಅದು ಇಂಟರ್ನೆಟ್ಟಿಗೆ ಹಾಕಿದರೆ. ಇವರು ಹಾಕಿಲ್ಲ. ಹಳೆಯ ಕಾನೂನಿನಲ್ಲಿ ಹೆಣ್ಣಿನ ಮಾನದ ಮಾತಿದೆ. ಆದರೆ ಉದ್ದೇಶ ಸಾಬೀತಾಗಬೇಕು. ಇವರ ಉದ್ದೇಶ ಚೀಲ.

"ಹಂಗಾದ್ರ ತಪ್ಪ ಯಾರದ್ರಿ?" ಅವಲಕ್ಕಿ ಕೊಡುವವನು ಕೇಳಿದ.

"ತಾಂತ್ರಿಕವಾಗಿ ನೋಡಿದ್ರ," ಎಂದರು ವಕೀಲರು, "ಯಾರದೂ ಅಲ್ಲ. ಇನ್ನೊಂದಿಷ್ಟು ಶೇವು ಹಾಕ್ರಿ."

ಚಹಾ ತರಲು ಬಂದಿದ್ದ ಲಾಲಸಾಬ ಇದನ್ನೆಲ್ಲ ಕೇಳಿಸಿಕೊಂಡ. "ವಕೀಲಸಾಹೇಬ್ರ, ನಾವು ಓದಿದವರಲ್ಲ. ಕಂಬಕ್ಕ ಬಡದು ಹೋಗ್ತೇವಿ. ಓದಿದವರು ಹೇಳದ ಕೇಳದ ಗ್ವಾಡಿ ಹತ್ತಿ ಕುಂತಾರ," ಎಂದ. ಗೂಡಿನವರು ನಕ್ಕರು. ಅವನು ನಗಲಿಲ್ಲ. ನೇರ ಹೋಗಿ ಬೀರವ್ವನನ್ನೂ ಸುಕನ್ಯಾಳನ್ನೂ ಕರೆದುಕೊಂಡು ಠಾಣೆಗೆ ಹೊರಟ.

ಠಾಣೆಯಲ್ಲಿ ಸಾಹೇಬರು ಬೀರವ್ವನನ್ನು ಕೇಳಿದರು, "ಮುಟ್ಟಿದ್ರೇನು?"

"ಇಲ್ರಿ."

"ಕೈ ಹಿಡಿದು ಎಳೆದ್ರೇನು?"

"ಇಲ್ರಿ."

"ಕೆಟ್ಟ ಮಾತ ಆಡಿದ್ರೇನು?"

"ಮಜ್ಜಿಗಿ ಹಚ್ಚು ಅಂದಾನ್ರಿ."

ಠಾಣೆ ನಕ್ಕಿತು. ಮೂಲೆಯಲ್ಲಿ ಬಂದೂಕು ಒರೆಸುತ್ತಿದ್ದ ಪೇದೆಯೂ ನಕ್ಕ. "ಅದು ಔಷಧ ಹೇಳಿದ್ದವಾ," ಎಂದರು ಸಾಹೇಬರು. "ಔಷಧ ಹೇಳಿದ್ದಕ್ಕ ಯಾವ ಸೆಕ್ಷನ್ ಹಾಕ್ಲಿ? ಇರ್ಲಿ. ಅವರು ಮರ್ಯಾದಸ್ತರು. ಖರೇನ ಅದರಾಗ ನೀವು ಅದೀರಿ ಅಂದ್ರ ಪುರಾವೆ ಬೇಕು. ಆ ರೆಕಾರ್ಡಿಂಗ್ ಡಬ್ಬಿ ಇಲ್ಲಿ ಬರಬೇಕು. ನಾವೆಲ್ಲಾ ಕುಂತು ನೋಡಬೇಕು. ಆಮ್ಯಾಲ ಪಂಚರು ನೋಡಬೇಕು. ಕೋರ್ಟಿನ್ಯಾಗ ನೋಡಬೇಕು."

ನಕ್ಕವರು ಈಗ ಗಂಭೀರರಾದರು. ಕರ್ತವ್ಯದ ಮಾತು ಬಂದಾಗ ಗಂಭೀರರಾಗಬೇಕು. ಬಂದೂಕಿನವನು ಕುರ್ಚಿ ಹತ್ತಿರ ಎಳೆದುಕೊಂಡ.

ಸುಕನ್ಯಾ ಸೆರಗನ್ನು ಬೆನ್ನ ಮೇಲೆ ಮತ್ತಷ್ಟು ಎಳೆದುಕೊಂಡಳು.

"ಒಬ್ಬ ನೋಡಿದ್ದು ತಪ್ಪ ಅಂತ ತೋರಸಾಕ ಇನ್ನ ಎಷ್ಟ ಮಂದಿ ನೋಡಬೇಕ್ರಿ ಸಾಹೇಬ್ರ?" ಎಂದಳು ಬೀರವ್ವ.

"ಕಾನೂನು ಹಂಗ ಐತಿ."

"ನಮಗ ನ್ಯಾಯ ಬ್ಯಾಡ್ರಿ. ಅದನ್ನ ಅಳಸಿಸಿ ಕೊಡ್ರಿ, ಆ ಬುಗುಟಿ ತಗಸ್ರಿ. ಅಷ್ಟ."

"ಅದು ಅವರ ಸ್ವತ್ತು. ಖಾಸಗಿ ಸ್ವತ್ತಿನ್ಯಾಗ ನಾವು ಹೆಂಗ ಕೈ ಹಾಕೂದು?"

ಮೂವರೂ ಹೊರಗೆ ಬಂದರು. ಲಾಲಸಾಬನಿಗೆ ನಾಚಿಕೆಯಾಗಿತ್ತು. "ನಾನ ಕರಕೊಂಡ ಬಂದ್ನಿ, ಯವ್ವಾ," ಎಂದ.

"ನೀ ಏನ ಮಾಡ್ತಿ ಅಣ್ಣಾ," ಎಂದಳು ಬೀರವ್ವ. "ನಾವು ಬಾಯಿ ಮಾಡಿದ್ವಿ. ಅವರು ಕುರ್ಚಿ ಎಳಕೊಂಡ್ರು."

ಠಾಣೆಗೆ ಹೋಗಿ ಬಂದ ಸುದ್ದಿ ಅವರಿಗಿಂತ ಮೊದಲೇ ಗಾದಿಗೆ ಮುಟ್ಟಿತ್ತು. ಮುರುಗೆಪ್ಪನವರು ಬೀರವ್ವನನ್ನೂ ಸುಕನ್ಯಾಳನ್ನೂ ಕರೆಸಿದರು. ಕೆಲಸದವರೆಲ್ಲ ಕೈಯಲ್ಲಿನದನ್ನು ಬಿಟ್ಟು ಬಂದು ಹಿಂದೆ ನಿಂತರು. ಸಾವ್ಕಾರರ ಮುಖದಲ್ಲಿ ಕ್ಷಮಿಸಿದವರ ಕಳೆ ಇತ್ತು.

"ಮನಿ ಮಂದಿ ಇದ್ದಂಗ ಅದೀರಿ ನೀವು. ಠಾಣೇಕ ಹೋಗೂದಂದ್ರ? ಆತು, ನಿಮ್ಮ ಸಮಾಧಾನಕ್ಕ ಅಳಸಿ ಹಾಕಸ್ತೇನಿ. ರಾಜೂ, ಅಳಸಪಾ."

"ಅಪ್ಪಾ, ಪೂರಾ ಅಳಸಿದ್ರ ಬಾಗಲದ್ದು, ಕಾಟಾದ್ದು ಎಲ್ಲಾ ಹೋಗತೈತಿ. ಇವರದಷ್ಟ ಹುಡಿಕಿ ತಗೀಬೇಕು. ಒಂದೊಂದ ಹಚ್ಚಿ ನೋಡಿ ತಗೀಬೇಕಾಗತೈತಿ."

"ಕುಂತು ನೋಡು. ಕಲ್ಲೇಶನ್ನ ಕರಕೋ ಸಂಗಾಟ."

ಬೀರವ್ವ ಕೈ ಎತ್ತಿದಳು. "ಸಾವ್ಕಾರ್ರ, ಒಂದ ಮಾತು. ನಿಮ್ಮ ಸೊಸಿ ಸೌಂದರ್ಯಾ ಅವ್ವಾರು ಕಂಪ್ಯೂಟರ್ ಕಲ್ತಾರಂತ ನೀವ ಹೇಳ್ತಿದ್ರಿ. ಅವರನ್ನ ಕರಸ್ರಿ. ಹೆಣ್ಣಮಕ್ಕಳು ಅವರು. ಅವರು ನೋಡಿ ಅಳಸಲಿ. ನಾವೂ ಬಾಜೂಕ ನಿಂದರ್ತೇವಿ."

ಮುರುಗೆಪ್ಪನವರು ಲೋಡು ಬಿಟ್ಟು ನೆಟ್ಟಗಾದರು. ಕ್ಷಮಿಸಿದ ಕಳೆ ಎಲ್ಲಿ ಹೋಯಿತೋ.

"ನಾಲಗಿ ಬಿಗಿಹಿಡಿ! ನಮ್ಮ ಮನಿ ಸೊಸಿ ಇಲ್ಲಿ ಬರಬೇಕಾ? ಹಮಾಲರು, ಲಾರಿಯವರು ಅಡ್ಡಾಡೂ ಜಾಗಾದಾಗ? ಅಷ್ಟು ಗಂಡಸರ ಕಣ್ಣಿಗೆ ಬೀಳಬೇಕಾ ಅಕಿ? ನಮ್ಮ ಮನಿ ಹೆಣ್ಣಮಕ್ಕಳು ಇಲ್ಲೀತನಾ ಈ ಹೊಸಲಿ ತುಳದಿಲ್ಲ!"

ತಾವು ಏನು ಹೇಳಿದೆವು ಎಂಬುದು ಹೇಳಿದವರಿಗೆ ಮಾತ್ರ ತಿಳಿದಿರಲಿಲ್ಲ.

"ನಿಮ್ಮ ಸೊಸಿ ಸೀರಿ ಉಟಗೊಂಡೂ ಗಂಡಸರ ಕಣ್ಣಿಗೆ ಬೀಳಬಾರದು," ಎಂದಳು ಬೀರವ್ವ. ದನಿ ಏರಿರಲಿಲ್ಲ. "ನನ್ನ ಸೊಸಿ?"

ಮುರುಗೆಪ್ಪನವರು ಮತ್ತೆ ಲೋಡಿಗೆ ಒರಗಿದರು.

ಬೀರವ್ವ ಗಾದಿಯ ಕಟ್ಟೆ ಹತ್ತಿದಳು. ಅಷ್ಟು ವರ್ಷದ ದುಡಿಮೆಯಲ್ಲಿ ಆ ಕಟ್ಟೆಯ ಮೇಲೆ ಅವಳು ಕಾಲಿಟ್ಟಿದ್ದಿಲ್ಲ. ಬಿಳಿ ಹಾಸಿಗೆಯ ಮೇಲೆ ಮೆಣಸಿನ ಪಾದ ಕೆಂಪಗೆ ಮೂಡಿತು. ಟಿ.ವಿ.ಯ ಕೆಳಗೆ ಹಸಿರು ದೀಪ ಮಿಣುಕಿಸುವ ಡಬ್ಬಿ ಇತ್ತು. ಕಲ್ಲೇಶ ತಡೆಯಲು ಎದ್ದ. ಮೆಣಸು ಮೆತ್ತಿದ ಅವಳ ಕೈ ಕಂಡು ಕೂತ. ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ವಾಯರು ಸುಲಭಕ್ಕೆ ಬರಲಿಲ್ಲ. ಕಾಲು ಗೋಡೆಗೆ ಕೊಟ್ಟು ಎಳೆದಳು. ಬಂದವು. ಟಿ.ವಿ.ಯ ನಾಲ್ಕೂ ಚೌಕ ಒಮ್ಮೆಲೆ ಆರಿದವು.

"ಏ! ಏ! ಅದರಾಗ ಎಲ್ಲಾ ರೆಕಾರ್ಡ್ ಐತಿ!" ರಾಜಶೇಖರ ಅರಚಿದ.

"ಅದಕ್ಕ."

ಡಬ್ಬಿ ಹಿಡಿದು ಅವಳು ಕೆಳಗಿಳಿದಳು. ಕಾಟಾದ ಬಳಿ ನೀರಿನ ಪಿಂಪು, ಅಂದರೆ ಪೀಪಾಯಿ, ಇತ್ತು. ಹರಾಜಿಗೆ ಮೊದಲು ಮೆಣಸಿನಕಾಯಿಗೆ ನೀರು ಚಿಮುಕಿಸುವ ಪಿಂಪು. ಕಾಯಿ ಮುರಿಯದಿರಲಿ ಎಂದು ಸಾವ್ಕಾರರು ಹೇಳುತ್ತಿದ್ದರು, ತೂಕ ಏರಲಿ ಎಂದು ಚೀಲ ಹೊತ್ತವರು ಹೇಳುತ್ತಿದ್ದರು. ಬೀರವ್ವ ಡಬ್ಬಿಯನ್ನು ಅದರಲ್ಲಿ ಅದ್ದಿ ಎರಡೂ ಕೈಯಿಂದ ಕೆಳಗೊತ್ತಿ ಹಿಡಿದಳು. ಗುಳುಗುಳು ಎಂದಿತು. ನೀರು ತಾಗಿ ಕೈ ಹೊತ್ತಿ ಉರಿಯಿತು. ಅವಳು ತೆಗೆಯಲಿಲ್ಲ.

ಈ ಸಲ ಪೊಲೀಸರು ಜೀಪಿನಲ್ಲಿ ಬಂದರು. ಬೀರವ್ವ ಕೈ ಒರೆಸಿಕೊಳ್ಳುವಷ್ಟರಲ್ಲಿ ಬಂದರು. ಸೆಕ್ಷನ್ನುಗಳೂ ಅವರ ಜೊತೆಗೆ ಬಂದಿದ್ದವು. ಪರರ ಸ್ವತ್ತು ಹಾಳು ಮಾಡಿದ್ದಕ್ಕೊಂದು, ಗಾದಿ ಹತ್ತಿದ್ದಕ್ಕೊಂದು, ಬೆದರಿಸಿದ್ದಕ್ಕೊಂದು. ಬೆಳಿಗ್ಗೆ ಇಡೀ ಠಾಣೆ ಹುಡುಕಿದರೂ ಸಿಗದ ಕಾನೂನು ಮಧ್ಯಾಹ್ನ ಕೈಗೊಂದರಂತೆ ಸಿಕ್ಕಿತು. ಸುಕನ್ಯಾ ಹೇಳದೆ ಕೇಳದೆ ಜೀಪು ಹತ್ತಿ ಅತ್ತೆಯ ಬದಿಗೆ ಕೂತಳು. ಇಳಿ ಎಂದರೆ ಇಳಿಯಲಿಲ್ಲ.

ಠಾಣೆಯಲ್ಲಿ ರಾಜಶೇಖರ ಅಪ್ಪನ ಬದಿಗೆ ನಿಂತು ದೂರು ಹೇಳಿದ. ಸಾಹೇಬರು ತಾವೇ ಬರೆದುಕೊಂಡರು. ಡಬ್ಬಿಯ ಕಂಪನಿ ಬರೆದರು. ವಾಯರು ಬರೆದರು. ಹಾಸಿಗೆಯ ಕಲೆಯನ್ನೂ ಬರೆದರು.

"ಡಬ್ಬ್ಯಾಗ ಏನಿತ್ತು?" ಅಭ್ಯಾಸಬಲದಿಂದ ಕೇಳಿದರು.

ರಾಜಶೇಖರ ಅಪ್ಪನ ಮುಖ ನೋಡಿದ.

"ರೆಕಾರ್ಡಿಂಗ್," ಎಂದ.

"ಯಾತರದು?"

ಆಗ ಮುರುಗೆಪ್ಪನವರ ಮೊಬೈಲು ಬಡಿದುಕೊಂಡಿತು. ಬಾಜೂ ಅಂಗಡಿಯ ಸಾವ್ಕಾರರು. ಅವರ ದನಿ ಠಾಣೆಗೆಲ್ಲ ಕೇಳಿಸಿತು. ಅವರ ಗೋದಾಮಿನ ಹೆಂಗಸರು ಬುಟ್ಟಿ ಕೆಳಗಿಟ್ಟು ಎದ್ದಿದ್ದಾರೆ. ಗೋಡೆಗೋಡೆ ನೋಡುತ್ತಿದ್ದಾರೆ. ಆಚೆಯ ಅಂಗಡಿಯಲ್ಲೂ ಹಾಗೇ. ಹರಾಜಿನ ಹೊತ್ತು. ಲಾಲಸಾಬನ ಹಮಾಲರು ಚೀಲಗಳ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಾರೆ. "ಏನರ ಮಾಡಿ ಮುಗಸ್ರಿ ಮುರುಗೆಪ್ಪಣ್ಣಾ, ನಿಮ್ಮ ಒಂದ ಡಬ್ಬಿ ಸಂಬಂಧ ಇಡೀ ಲೈನ್ ನಿಂತೈತಿ!"

ಮುರುಗೆಪ್ಪನವರು ಮೊಬೈಲು ಕಿಸೆಗಿಟ್ಟರು. ಬೆವರು ಒರೆಸಿಕೊಂಡರು. ದನಿ ಮತ್ತೆ ಮೃದುವಾಯಿತು.

"ಸಾಹೇಬ್ರ, ಹಳೇ ಕೆಲಸದಾಕಿ. ವಯಸ್ಸಾಗೇತಿ. ಒರಸಾಕ ಹೋಗಿರಬೇಕು, ಕೈ ತಪ್ಪಿ ನೀರಾಗ ಬಿದ್ದಿರಬೇಕು. ದೂರ ಗೀರ ಏನ ಬ್ಯಾಡ ಬಿಡ್ರಿ."

ಸಾಹೇಬರು ನಿಟ್ಟುಸಿರು ಬಿಟ್ಟು ಪೆನ್ನಿಗೆ ಟೋಪಿ ಹಾಕಿದರು. "ಛಲೋ ಆತು. ದೊಡ್ಡ ಮನಸು. ಬೀರವ್ವಾ, ಕೈ ತಪ್ಪಿ ಬಿತ್ತು ಅಂತ ಅನ್ನು, ಲಗೂನ ಮನಿ ಕಡೆ ಹೋಗು."

"ಕೈ ತಪ್ಪಿಲ್ರಿ," ಎಂದಳು ಬೀರವ್ವ.

"ತಪ್ಪಿರತೈತಿ."

"ಇಲ್ರಿ. ಕಿತ್ತೇನಿ. ನೀರಾಗ ಒತ್ತಿ ಹಿಡದೇನಿ. ತೇಲಬಾರದಂತ."

"ಏ, ತಿಳಿತಿಲ್ಲೊ ನಿನಗ? ಅವರ ಬಿಡಾಕತ್ತಾರ!"

"ಅವರ ಬಿಡ್ತಾರ್ರಿ. ನಾಳೆ ಹೊಸಾ ಡಬ್ಬಿ ತರ್ತಾರ. ಬುಗುಟಿ ಇನ್ನೂ ಗ್ವಾಡಿ ಮ್ಯಾಲ ಐತಿ."

"ತಗೀತೇನವಾ, ತಗೀತೇನಿ," ಎಂದರು ಮುರುಗೆಪ್ಪನವರು ಅವಸರದಿಂದ. "ಕಿತ್ತಿ ಒಗೀತೇನಿ. ಕೈ ತಪ್ಪಿತು ಅಂತ ಅಂದುಬಿಡು ಒಂದ ಮಾತು."

ಬೇಡಿದ್ದು ಕೈಗೆ ಬಂದಿತ್ತು. ಬೆಲೆ ಒಂದು ಸುಳ್ಳು, ಅದೂ ಸಣ್ಣದು. ಬೀರವ್ವ ತನ್ನ ಕೈ ನೋಡಿಕೊಂಡಳು. ಅಂಗೈ ಊದಿ ಕೆಂಡವಾಗಿತ್ತು.

"ನನ್ನ ಕೈ ಯಾವತ್ತೂ ತಪ್ಪಿಲ್ರಿ," ಎಂದಳು. "ಅದರ ಮ್ಯಾಲ ಯಾಕ ಹಾಕ್ತೀರಿ?"

ಸಾಹೇಬರಿಗೆ ಸಿಟ್ಟು ಬಂತು. "ಹೌದು ಅಂದ್ರ ಕೇಸ್ ಆಗತೈತಿ, ಗೊತ್ತೈತಿಲ್ಲೊ? ನೀ ಆರೋಪಿ ಆಗ್ತಿ. ಕೋರ್ಟಿಗೆ ಅಡ್ಡಾಡಬೇಕಾಗತೈತಿ."

"ಅಲ್ಲಿ ಯಾಕ ಕಿತ್ತಿ ಅಂತ ಕೇಳ್ತಾರೇನ್ರಿ?"

"ಕೇಳದ ಬಿಡ್ತಾರೇನು? ಎಲ್ಲಾರ ಮುಂದ ನಿಂದರಿಸಿ ಕೇಳ್ತಾರ."

"ಇಲ್ಲೀತನಾ ಯಾರೂ ಕೇಳಿಲ್ರಿ," ಎಂದಳು ಬೀರವ್ವ. "ದೂರ ಕೊಡಾಕ ಬಂದಾಗ ನಮಗ ಸೆಕ್ಷನ್ ಇರಲಿಲ್ಲ. ಈಗ ಐತಿ. ಬರಕೋರಿ."

ಸಾಹೇಬರು ಸಾವ್ಕಾರರನ್ನು ನೋಡಿದರು. ಸಾವ್ಕಾರರು ಗೋಡೆ ನೋಡಿದರು. ರಾಜಶೇಖರ ತನ್ನ ಬೂಟು ನೋಡಿದ. ಅಷ್ಟು ದಿನ ಎಲ್ಲರನ್ನೂ ನೋಡುತ್ತಿದ್ದವರಿಗೆ ಈಗ ನೋಡಲು ಜಾಗ ಸಾಲಲಿಲ್ಲ.

ಬಾಗಿಲ ಬಳಿ ಕೂತಿದ್ದ ಸುಕನ್ಯಾ ಎದ್ದು ಬಂದು ಅತ್ತೆಯ ಪಕ್ಕದಲ್ಲಿ ನಿಂತಳು.

"ಬೆನ್ನು ನಂದ್ರಿ," ಎಂದಳು. "ನಂದೂ ಹೆಸರು ಬರೀರಿ."

ಬಂದೂಕಿನ ಪೇದೆ ಈ ಸಲ ಕುರ್ಚಿ ಎಳೆದುಕೊಳ್ಳಲಿಲ್ಲ.

ಸಾಹೇಬರು ಪೆನ್ನಿನ ಟೋಪಿ ತೆಗೆದರು. ಹಾಕಿದರು. ಮತ್ತೆ ತೆಗೆದರು. "ಏನಂತ ಸುರು ಮಾಡ್ಲಿ? ಆರೋಪಿ ಡಬ್ಬಿಯನ್ನು ಕಿತ್ತಳು ಅಂತ ಸುರು ಮಾಡ್ತೇನಿ."

"ಅಲ್ರಿ," ಎಂದಳು ಬೀರವ್ವ. "ನಮ್ಮ ಮೈ ಉರೀತಿತ್ತು. ಅಲ್ಲಿಂದ ಸುರು ಮಾಡ್ರಿ."